ವ್ಯಾಂಪೈರ್‌ಗೆ ಬೆಲ್ಲ, ನೀರು

ಕಳೆದ ಭಾನುವಾರ ಮಡಂತ್ಯಾರಿನಲ್ಲಿ ನನ್ನ ರಕ್ತ ಹರಿಯಿತು. ಗಾಬರಿಯಾಗಬೇಡಿ, ಹರಿಸಿದ್ದು ನಾನೇ.

ನಮ್ಮ ಕಡೆ ರಕ್ತದಾನ ಶಿಬಿರಕ್ಕೆ ಒಬ್ಬ ಉದ್ಘಾಟಕ ಬೇಕೇ ಬೇಕು. ದೀಪ ಹಚ್ಚಿ, ರಕ್ತದಾನದ ಮಹತ್ವದ ಬಗ್ಗೆ ಭಾಷಣ ಬಿಗಿದು, ಶಾಲು ಹೊದೆಸಿಕೊಂಡು, ಸೂಜಿ ಹೊರಬರುವ ಮೊದಲೇ ಜಾಗ ಖಾಲಿ ಮಾಡುವವನು. ಈ ಕೆಲಸದಲ್ಲಿ ನಾನು ಎಕ್ಸ್‌ಪರ್ಟ್. ಐವತ್ತೊಂದು ವರ್ಷದಲ್ಲಿ ಒಂದು ಹನಿ ಕೊಟ್ಟವನಲ್ಲ. (ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಇದು ಇಲ್ಲಿಯವರೆಗೆ ಮನೆಯವರಿಗೆ ಮಾತ್ರ ಗೊತ್ತಿತ್ತು.)

ಈ ಸಲ ಯುವಕ ಮಂಡಲದ ಕಾರ್ಯದರ್ಶಿ ಫೋನ್ ಮಾಡಿದರು. "ಸಾರ್, ಉದ್ಘಾಟಕರೇ ಮೊದಲು ರಕ್ತ ಕೊಡ್ತಾರೆ ಅಂತ ಕಾರ್ಡಿನಲ್ಲಿ ಹಾಕಿದ್ದೇವೆ. ನೀವು ಬೇಡ ಅನ್ಲಿಕ್ಕಿಲ್ಲ ಅಂತ ಗೊತ್ತುಂಟು."

ಕಾರ್ಡು ಊರಿಡೀ ಹಂಚಿ ಆಗಿತ್ತು. ಓಡಿಹೋದರೆ ಇಷ್ಟು ವರ್ಷ ಬರೆದು ಗಳಿಸಿದ ಮರ್ಯಾದೆ ಮಣ್ಣುಪಾಲು.

ಶಿಬಿರದ ಹಿಂದಿನ ದಿನ ಮೂಡುಬಿದಿರೆಯಲ್ಲಿ ಮದುವೆ ಊಟ. ಘಟ್ಟದ ಬುಡದ ನೆರಿಯ ಊರಿನಿಂದ ಬಂದಿದ್ದ ಎಪ್ಪತ್ತೆರಡರ ದೊಡ್ಡಮ್ಮ ಜೊತೆಗಿದ್ದರು. ಉಂಡು ಹೊರಟಾಗ ಥಿಯೇಟರಿನ ಮುಂದೆ ವ್ಯಾಂಪೈರ್ ಸಿನಿಮಾದ ಪೋಸ್ಟರ್ ಕಂಡಿತು. ರಕ್ತ ನೋಡಿಯಾದರೂ ಸ್ವಲ್ಪ ಧೈರ್ಯ ಬರಲಿ, ಮ್ಯಾಟಿನಿಗೆ ಹೋದರೆ ಹೇಗೆ?

"ಎಸಿ ಉಂಟಾ? ಹಾಗಾದರೆ ಹೋಗುವ" ಎಂದರು ದೊಡ್ಡಮ್ಮ.

ಸಿನಿಮಾ? ಅದೇ ಹಾಳು ಕೋಟೆ, ಅದೇ ಶವಪೆಟ್ಟಿಗೆ, ಅದೇ ಕಪ್ಪು ಕೋಟು. ನಾಯಕಿ ಯಾವ ನಿಮಿಷಕ್ಕೆ ಕಿಟಕಿ ತೆರೆಯುತ್ತಾಳೆಂದು ಯಾರು ಬೇಕಾದರೂ ಹೇಳಬಹುದಿತ್ತು. ಮೊಬೈಲಿಗೆ ತಿಂಗಳಿಗೊಂದು ಅಪ್‌ಡೇಟ್ ಬರುವ ಕಾಲದಲ್ಲಿ ಈ ಪಿಶಾಚಿಗೆ ಒಂದಾದರೂ ಬೇಡವೇ? ಆದರೂ ಅವನ ಹಲ್ಲು ಕುತ್ತಿಗೆಗೆ ತಾಗುವಾಗ ನಾನು ಕಣ್ಣು ಮುಚ್ಚಿದೆ, ಒಪ್ಪಿಕೊಳ್ಳುತ್ತೇನೆ.

ದೊಡ್ಡಮ್ಮ ಮುಚ್ಚಲಿಲ್ಲ. "ಇಷ್ಟಕ್ಕೆ ಇಷ್ಟು ಬೊಬ್ಬೆಯಾ? ನಮ್ಮ ಗುಡ್ಡೆಯ ಜಿಗಣೆ ಇದಕ್ಕಿಂತ ಜಾಸ್ತಿ ಕುಡಿತದೆ. ಸುಣ್ಣ ಮುಟ್ಟಿಸಿದರೆ ಬೀಳ್ತದೆ ಮಾರಾಯ."

ಮುಂದಿನ ದೃಶ್ಯದಲ್ಲಿ ಅವನು ನಾಯಕಿಯ ಮನೆಯ ಹೊಸಿಲಾಚೆಯೇ ನಿಂತ. ಮನೆಯವರು ಕರೆಯದೆ ವ್ಯಾಂಪೈರ್ ಒಳಗೆ ಬರುವಂತಿಲ್ಲ, ಅದೂ ಹಳೆಯ ರೂಲ್ಸೇ. ನಾಯಕಿ ಗಡಗಡ ನಡುಗುತ್ತ ಬಾಯಿ ಬಿಡಲಿಲ್ಲ. ದೊಡ್ಡಮ್ಮನಿಗೆ ಸಿಟ್ಟು ಬಂತು.

"ಬಾಗಿಲಿಗೆ ಬಂದವರನ್ನು ಹೀಗಾ ನಿಲ್ಲಿಸುವುದು? ಬನ್ನಿ, ಕೂತ್ಕೊಳ್ಳಿ ಅಂತ ಬೆಲ್ಲ, ನೀರು ಕೊಡ್ಲಿಕ್ಕೆ ಏನು ದಾಡಿ? ಬಾಯಾರಿ ಬಂದವ ಅಂತ ಮುಖ ನೋಡಿದರೆ ಗೊತ್ತಾಗುದಿಲ್ವಾ?"

ಹಿಂದಿನ ಸಾಲಿನವರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಸಿನಿಮಾ ಮುಗಿಯುವವರೆಗೂ ಕಣ್ಣು ಮುಚ್ಚಲಿಲ್ಲ.

ಭಾನುವಾರ ದೀಪ ಹಚ್ಚಿದೆ, ಭಾಷಣ ಮಾಡಿದೆ, ಮಂಚದ ಮೇಲೆ ಮಲಗಿ ತೋಳು ಚಾಚಿದೆ. ಕೈಕಾಲು ತಣ್ಣಗಾಗತೊಡಗಿತು. "ಹೆದರಿಕೆ ಉಂಟಾ ಸಾರ್?" ಎಂದು ಕೇಳಿದರು ಸಿಸ್ಟರ್. ಅಷ್ಟರಲ್ಲಿ ದೊಡ್ಡಮ್ಮನ ಜಗಲಿಯಲ್ಲಿ ಕೂತು ಬೆಲ್ಲ ಕಚ್ಚಿ ನೀರು ಕುಡಿಯುವ ವ್ಯಾಂಪೈರ್ ಕಣ್ಣ ಮುಂದೆ ಬಂದ.

"ಇಲ್ಲ, ತೆಗೀರಿ" ಎಂದೆ.

ಸೂಜಿ ಚುಚ್ಚಿದ್ದನ್ನು ನೋಡಿದೆ. ಚೀಲ ತುಂಬಿದ್ದನ್ನೂ ನೋಡಿದೆ. ಎದ್ದು ಕೂತಾಗ ನನ್ನಷ್ಟು ಖುಷಿಯಾಗಿದ್ದವರು ಇಡೀ ಬೆಳ್ತಂಗಡಿ ತಾಲೂಕಿನಲ್ಲಿ ಯಾರೂ ಇರಲಿಕ್ಕಿಲ್ಲ. ಜ್ಯೂಸು ಬಂತು, ಬಿಸ್ಕತ್ತು ಬಂತು, ಸರ್ಟಿಫಿಕೇಟೂ ಬಂತು.

ಮುನ್ನೂರು ವರ್ಷದಿಂದ ಊರವರ ರಕ್ತ ಕುಡಿಯುತ್ತಿರುವ ಆ ಮಹಾಶಯ ಯಾರಿಗಾದರೂ ಒಂದು ಬಿಸ್ಕತ್ತು ಕೊಟ್ಟದ್ದುಂಟೇ?