ವಾಪಸ್ ಹೋಗದ ಚೀಲ

ನನ್ನ ಅಕ್ಕನ ಗಂಡನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನ್ಯಾಯವಂತನ ವೇಷ ಹಾಕುವ ಇರಾದೆ ನನಗಿಲ್ಲ. ನಾವು ಮಾಮಾ ಎಂದು ಕರೆಯುವ ಈ ಮನುಷ್ಯ ಬೀದರಿನ ಧಾನ್ಯಪೇಟೆಯಾದ ಗಾಂಧಿ ಗಂಜಿನಲ್ಲಿ ತೊಗರಿ ಖರೀದಿಯ ವ್ಯಾಪಾರಿ. ತೊಗರಿಯ ವಿಷಯದಲ್ಲಿ ಅವರಿಗೆ ಟೋಪಿ ಹಾಕಿದವರು ಇನ್ನೂ ಹುಟ್ಟಿಲ್ಲ. ಕಮಲನಗರದ ರೈತನೊಬ್ಬ ಮಾಲು ಚಲೋ ಇದೆ ಎಂದರೆ, ಚಲೋ ಅಂದ್ರ ಏನು ಎಂದು ಕೇಳುತ್ತಾರೆ. ಚೂಪು ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಂಡು, ಒಂದೆರಡನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಕಟ್ಟೆಂದು ಮುರಿದರೆ ಒಣಗಿದೆ ಎಂದರ್ಥ. ಮೆತ್ತಗೆ ಚಪ್ಪಟೆಯಾದರೆ ಚೀಲ ವಾಪಸ್. ಅಲ್ಲಿ ಮುಲಾಜಿಲ್ಲ.

ಇದೇ ಮನುಷ್ಯ ಔರಾದ್ ಕಡೆಯಿಂದ ಬರುವ ಒಬ್ಬ ಪ್ರವಚನಕಾರನ ಮಾತನ್ನು ಮಾತ್ರ ಚೀಲದ ಬಾಯಿ ಸಹ ಬಿಚ್ಚದೆ ಮನೆಗೆ ಹೊತ್ತು ತಂದರು.

ಅಕ್ಕನಿಗೆ ಮೂರ್ಛೆ ರೋಗ. ದಿನಾ ಒಂದು ಗುಳಿಗೆ ನುಂಗಿ ವರ್ಷಗಟ್ಟಲೆ ನೆಮ್ಮದಿಯಾಗಿದ್ದಳು. ಪ್ರವಚನಕಾರ ಬಂದವನು, ಇದು ರೋಗವೇ ಅಲ್ಲ, ಒಳಗಿನ ಚೈತನ್ಯ ಏಳಲು ಹವಣಿಸುತ್ತಿದೆ, ಗುಳಿಗೆ ಅದರ ಕತ್ತು ಹಿಸುಕುತ್ತಿದೆ ಎಂದ. ಮಾಮಾ ಗುಳಿಗೆಗಳನ್ನು ಎತ್ತಿ ಬಿಸಾಡಿದರು. ಕೆಲವು ದಿನ ಏನೂ ಆಗಲಿಲ್ಲ. ನೋಡು, ಚೈತನ್ಯ ನೆಲೆಗೊಂಡಿದೆ ಎಂದು ಫೋನಿನಲ್ಲಿ ನನ್ನ ಮುಂದೆ ಜಂಬ ಕೊಚ್ಚಿದರು. ಆಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದ ಅಕ್ಕ ಕಾದ ಹಂಚಿನ ಮೇಲೆಯೇ ಬಿದ್ದಳು. ಸದ್ದು ಕೇಳಿ ಓಡಿ ಬಂದ ಪಕ್ಕದ ಮನೆಯ ಖಾಲಾ ಅವಳನ್ನು ಈಚೆಗೆ ಎಳೆಯದಿದ್ದರೆ ಮುಖವೂ ಉಳಿಯುತ್ತಿರಲಿಲ್ಲ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಲಿದಿತ್ತು. ಮಾರನೇ ದಿನ ಫೋನಿನಲ್ಲಿ ಇದನ್ನು ತಿಳಿಸುತ್ತ ಮಾಮಾ ಏನೆಂದರು ಗೊತ್ತೆ? ಚೈತನ್ಯ ಎದ್ದಿದೆ ಎಂದರು.

ಮೂರ್ಛೆ ಬರದಿದ್ದರೂ ಚೈತನ್ಯ, ಬಂದರೂ ಚೈತನ್ಯ. ನನ್ನ ಮೈ ಉರಿದುಹೋಯಿತು.

ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅವತ್ತೇ ಬಸ್ಸು ಹಿಡಿದೆ. ದಾರಿಯಲ್ಲಿ ಅಕ್ಕನ ಡಾಕ್ಟರಿಗೆ ಫೋನು ಮಾಡಿ, ಬೀದರಿನಲ್ಲಿ ಇಳಿದವನೇ ಗುಳಿಗೆ ಕೊಂಡು ಮನೆಗೆ ಹೋದರೆ, ಆ ಪ್ರವಚನಕಾರನೂ ಅಲ್ಲೇ ದಿಂಬಿಗೆ ಒರಗಿ ಕೂತಿದ್ದ. ಇದರಲ್ಲಿ ಯಾವ ಅಲೌಕಿಕವೂ ಇಲ್ಲ, ಮೂರ್ಛೆ ಮೆದುಳಿನಲ್ಲಿ ನಡೆಯುವ ನೈಸರ್ಗಿಕ ಸಂಗತಿ ಎಂದು ಅವರಿಬ್ಬರಿಗೂ ಹೇಳಿದೆ. ಹೇಳಿದ್ದೇ ತಡ, ಮಾಮಾ ನನ್ನ ಮಾತನ್ನು ಕಸಿದುಕೊಂಡರು.

"ಹೌದಲ್ಲ ಮಾಸ್ತರ್. ನೈಸರ್ಗಿಕ ಅಂತ ನೀವೇ ಒಪ್ಪಿದ್ರಿ. ಗುಳಿಗಿ ಫ್ಯಾಕ್ಟರ್‍ಯಾಗ ಮಾಡಿದ್ದು. ನಿಸರ್ಗಕ್ಕ ಫ್ಯಾಕ್ಟರಿ ಮಾಲ್ ಯಾಕ ಬೇಕು?"

ದೆವ್ವದ ಕೆಲಸವಲ್ಲ ಎಂಬ ಅರ್ಥದಲ್ಲಿ ನಾನು ಆಡಿದ ಮಾತು, ಅವರ ಬಾಯಿಗೆ ಹೋಗುವಷ್ಟರಲ್ಲಿ ಔಷಧ ಬೇಡ ಎಂದಾಗಿತ್ತು. ಹಾವಿನ ವಿಷವೂ ನೈಸರ್ಗಿಕವೇ, ಕುಡಿಯುತ್ತೀರಾ ಎಂದು ಕೂಗಾಡಿದೆ. ಪ್ರವಚನಕಾರನ ಕಡೆ ತಿರುಗಿ, ಚೈತನ್ಯ ಎಂದರೆ ನಿಖರವಾಗಿ ಏನು ಹೇಳು ಎಂದೆ. ಬೀಜ ಮೊಳೆಯುವುದು ಚೈತನ್ಯ ಎಂದ. ಕರೆಂಟೂ ಅದೇ, ತಾಯಿಯ ಮಮತೆಯೂ ಅದೇ, ನನ್ನ ಸಿಟ್ಟು ಸಹ ಅದೇ ಅಂತೆ. ಹಾಗಾದರೆ ಗುಳಿಗೆಯಲ್ಲೂ ಇರಬೇಕಲ್ಲ ಎಂದರೆ, ಅದು ಜಡ ಎಂದು ನಕ್ಕ. ಎಣ್ಣೆ ಸವರಿಕೊಂಡ ಪೈಲ್ವಾನನ ಹಾಗೆ, ಎಲ್ಲಿ ಹಿಡಿದರೂ ಜಾರುತ್ತಿದ್ದ. ಅಂಥ ನಗುವನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಅಷ್ಟರಲ್ಲಿ ಒಳಗೆ ಲಿಂಗಪೂಜೆ ಮುಗಿಸಿ ಅಕ್ಕ ಹೊರಗೆ ಬಂದಳು. ಹಣೆಯ ತುಂಬ ವಿಭೂತಿ, ಬಲಗೈಗೆ ಬ್ಯಾಂಡೇಜು. ಪೂಜೆ ಮಾಡದೆ ಬಾಯಿಗೆ ನೀರು ಹಾಕದ ಹೆಂಗಸು ಅವಳು. ನಂಬಿಕೆ ಇಲ್ಲದವಳು ಎಂದು ಅವಳನ್ನು ಯಾರೂ ಅನ್ನುವ ಹಾಗಿಲ್ಲ. ನಮ್ಮ ಜಗಳ ಅವಳಿಗೆ ಒಳಗೆ ಕೇಳಿಸಿತ್ತು. ಗೋಡೆಗೆ ಒರಗಿ ಕೂತು, ಮೂರ್ಛೆಗೆ ಮುಂಚೆ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ ಬರುತ್ತದೆ, ಹೆಬ್ಬೆರಳು ತಾನಾಗಿಯೇ ಅದುರುತ್ತದೆ, ಆಮೇಲೆ ಏನೂ ಗೊತ್ತಾಗುವುದಿಲ್ಲ ಎಂದಳು. ಲಿಂಗ ಹಿಡಿದು ಕೂತಾಗ ಆಗುವುದು ಇದಲ್ಲ, ಅದು ಬೇರೆ ಎಂದಳು. ಇಷ್ಟು ದಿನದಲ್ಲಿ ಇದನ್ನು ನಾವು ಮೂವರೂ ಅವಳನ್ನು ಕೇಳಿರಲಿಲ್ಲ.

ನಂತರ ಮಾಮಾನ ಕಡೆ ನೋಡಿದಳು.

"ಗಂಜಿನಾಗ ಯಾ ಚೀಲ ವಾಪಸ್ ಕಳಸಬೇಕಂತ ನಿಮಗ ಗೊತ್ತದ. ಈ ಚೈತನ್ಯದ ಮಾತು ಏನ್ ಆದ್ರ ವಾಪಸ್ ಕಳಸ್ತೀರಿ, ಅಷ್ಟು ಹೇಳ್ರಿ. ನಾ ಸತ್ರ ಕಳಸ್ತೀರೇನು?"

ತೊಗರಿ ಕಡಿಯುವ ಮಾಮಾನ ಹಲ್ಲುಗಳಿಗೆ ಕಡಿಯಲು ಏನೂ ಸಿಗಲಿಲ್ಲ. ಕೊನೆಗೆ, ಅವಳಿಂದ ಈ ಪ್ರಶ್ನೆ ಕೇಳಿಸುತ್ತಿರುವುದೂ ಚೈತನ್ಯವೇ ಎಂದು ಗೊಣಗಿದರು. ಪ್ರವಚನಕಾರ ತಲೆ ಆಡಿಸಿದ.

ಅಕ್ಕ ನನ್ನ ಮುಂದೆ ಎಡ ಅಂಗೈ ಚಾಚಿದಳು. ಸ್ವಲ್ಪ ಮುಂಚೆ ಲಿಂಗ ಕೂತಿದ್ದ ಅಂಗೈ ಅದು. ನಾನು ಗುಳಿಗೆ ಇಟ್ಟೆ. ಪೂಜೆಯ ತಂಬಿಗೆಯ ನೀರಿನಲ್ಲೇ ಅದನ್ನು ನುಂಗಿ, ತಂಬಿಗೆ ಕೆಳಗಿಟ್ಟು, ಮಾಮಾ ಮತ್ತು ಪ್ರವಚನಕಾರನ ಕಡೆ ತಿರುಗಿದಳು.

"ಈ ಗುಳಿಗಿ ಮೈಗ ಹತ್ತೋತನಕ ನಾ ಹಂಚಿನ ಮುಂದ ಕೂಡಂಗಿಲ್ಲ. ರೊಟ್ಟಿ ನೀವಿಬ್ಬರು ಬಡೀರಿ. ನಿಮ್ಮಾಗೂ ಚೈತನ್ಯ ಅದಲ್ಲ, ಕೈ ಸುಡೂದಿಲ್ಲ."

ಇಬ್ಬರೂ ಅಡುಗೆಮನೆಯ ಕಡೆ ನೋಡಿದರು. ಯಾರೂ ಏಳಲಿಲ್ಲ. ಅವತ್ತಿನ ಊಟ ಗಂಜಿನ ಖಾನಾವಳಿಯಿಂದ ಬಂತು.