ಒಂದೇ ಸಲ ಕೇಳುವ ದೇಶ

ಯಾರ ಮನೆಗೆ ಹೋದರೂ, ಕಾಫಿ ಎಂದ ಕೂಡಲೇ ನನ್ನ ಬಾಯಿಂದ ತಾನಾಗಿ ಹೊರಡುವ ಮಾತು 'ಬೇಡ, ಈಗ ತಾನೇ ಆಯಿತು.' ಆಗಿರುವುದಿಲ್ಲ. ಮತ್ತೆ ಕೇಳಿದರೆ 'ಸುಮ್ಮನೆ ನಿಮಗೆ ತೊಂದರೆ' ಎನ್ನುತ್ತೇನೆ. ಮೂರನೆಯ ಸಲ 'ಅರ್ಧ ಲೋಟ ಸಾಕು' ಎಂದು ಒಪ್ಪಿ ತುಂಬಿದ ಲೋಟವನ್ನೇ ಮುಗಿಸುತ್ತೇನೆ. ಮೈಸೂರಿನಲ್ಲಿ ಇದರಿಂದ ನಾನೆಂದೂ ಕಾಫಿ ಕಳೆದುಕೊಂಡವನಲ್ಲ. ಅಮೆರಿಕದ ಈ ಡಬ್ಲಿನ್ನಿಗೆ ಬಂದು ನೆಲೆಸಿದ ಮೇಲೆ ಎಷ್ಟು ಕಳೆದುಕೊಂಡೆನೋ! ಇಲ್ಲಿಯವರು ಒಂದೇ ಸಲ ಕೇಳುತ್ತಾರೆ, ಬೇಡವೆಂದರೆ ನಂಬಿಬಿಡುತ್ತಾರೆ.

ನಮ್ಮ ಷೋಡಶೋಪಚಾರಗಳಲ್ಲಿ ದೇವರನ್ನು 'ಬೇಕೇ?' ಎಂದು ಕೇಳುವ ಉಪಚಾರವಿಲ್ಲ, ಗಮನಿಸಿ. ಹದಿನಾರನ್ನೂ ಸಲ್ಲಿಸಿಬಿಡುವುದು, ಅಷ್ಟೇ. ಕೇಳಿದ್ದರೆ ದೇವರೂ ಸಂಕೋಚಪಟ್ಟು ಹಸಿದಿರುತ್ತಿದ್ದನೋ ಏನೋ.

ಇದೆಲ್ಲ ತಲೆಗೆ ಬಂದದ್ದು ಶ್ರಾವ್ಯಳಿಂದ. ನನ್ನ ತಂಗಿಯ ಮಗಳ ಗೆಳತಿ, ಉಡುಪಿಯ ಹುಡುಗಿ. ಇಲ್ಲಿ ಎಂ.ಎಸ್. ಮುಗಿಸಿ ಹತ್ತಿರದ ಎಮರಿವಿಲ್‌ನ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಓದಲು ಬಂದವರಿಗೆ ಕೊಡುವ ಆ ಕೆಲಸದ ಪರವಾನಗಿ ಆಗಸ್ಟಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವಳು ಆಸೆಪಟ್ಟ ಬಿಸಿನೆಸ್ ಸ್ಕೂಲಿನಲ್ಲಿ ಸೀಟು ಸಿಗದಿದ್ದರೆ ಊರಿನ ವಿಮಾನ ಹತ್ತಬೇಕು. ಅವಳ ಚಾನ್ಸು ಎಷ್ಟೆಂಬುದು ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಬಳಗದ ಪಾಟ್‌ಲಕ್ಕುಗಳಲ್ಲಿ ಚಿತ್ರಾನ್ನದ ಜೊತೆಗೇ ಬಡಿಸುವ ವಿಷಯವಾಗಿತ್ತು. 'ಇಂಡಿಯನ್ ಇಂಜಿನಿಯರುಗಳ ರಾಶೀನೇ ಇದೆ, ಕಷ್ಟ' ಎಂದರು ಒಬ್ಬರು. 'ಅರ್ಜಿ ಜೊತೆ ಬರೆಯೋ ಎಸ್ಸೇ ಚೆನ್ನಾಗಿದ್ರೆ ಆಗತ್ತೆ ಬಿಡಿ' ಎಂದರು ಇನ್ನೊಬ್ಬರು. ನಾನು ಇಬ್ಬರಿಗೂ ತಲೆಯಾಡಿಸಿದೆ. ಏನೂ ಗೊತ್ತಿಲ್ಲದವನಿಗೆ ನಿಷ್ಪಕ್ಷಪಾತ ಬಹಳ ಸುಲಭ.

ಏಪ್ರಿಲಿನ ಒಂದು ಭಾನುವಾರ ಊಟಕ್ಕೆ ಬಂದವಳು, ಶಾಲೆಯವರು ತನ್ನನ್ನು ವೇಟ್‌ಲಿಸ್ಟಿನಲ್ಲಿ ಇಟ್ಟಿದ್ದಾರೆ ಎಂದಳು. ಕಾಯಲು ಇಷ್ಟವಿದೆಯೇ ಎಂದು ಕೇಳಿ ಈಮೇಲು ಬಂದಿತ್ತಂತೆ.

'ನೀನೇನಂತ ಬರೆದೆ?' ಎಂದೆ.

'ಎಂತ ಬರೆಯುದು ಅಂಕಲ್? ಅಷ್ಟು ಜನ ಇರ್ತಾರೆ. ನನ್ನಿಂದ ನಿಮಗೆ ತೊಂದರೆ ಬೇಡ, ನನಗಿಂತ ಯೋಗ್ಯರಿಗೇ ಕೊಡಿ ಅಂತ ಬರ್ದೆ. ಇನ್ನೊಂದ್ಸಲ ಕೇಳ್ತಾರಲ್ಲ?'

'ಒಳ್ಳೇದು ಮಾಡ್ದೆ' ಎಂದೆ. ಎಂಥ ಸಂಸ್ಕಾರದ ಹುಡುಗಿ ಎಂದು ಹೆಂಡತಿಯೂ ಮೆಚ್ಚಿದಳು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಅದಿತಿ ಮಾತ್ರ ಊಟ ನಿಲ್ಲಿಸಿ, 'ಅಪ್ಪಾ, ಶೀ ಜಸ್ಟ್ ಸೆಡ್ ನೋ!' ಎಂದು ಕೂಗಿಕೊಂಡಳು.

ಉಳಿದ ಮೂವರೂ ಮುಖ ಮುಖ ನೋಡಿಕೊಂಡೆವು. ಶ್ರಾವ್ಯಳ ಕಣ್ಣು ತುಂಬಿ ಬಂತು. ನನಗೂ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಬೆಳಗ್ಗೆ ಅದಿತಿ ಪಕ್ಕದಲ್ಲೇ ಕಾವಲು ಕೂತು ಶಾಲೆಗೆ ಫೋನು ಮಾಡಿಸಿದಳು. ಶ್ರಾವ್ಯ ಹಲವು ಸಲ 'ಸಾರಿ, ಸಾರಿ' ಎಂದು, ನೀರು ಕುಡಿದು, ಕೊನೆಗೊಮ್ಮೆ ತನಗೆ ಆ ಸೀಟು ಬೇಕು ಎಂದಳಂತೆ. ಹುಟ್ಟಿದಾರಭ್ಯ ಅವಳು ಪರರ ಹತ್ತಿರ ಆ ಮಾತು ಆಡಿದ್ದು ಅದೇ ಮೊದಲಿರಬೇಕು. ಹೆಸರನ್ನು ಮತ್ತೆ ಸೇರಿಸುತ್ತೇವೆ, ಭರವಸೆ ಕೊಡಲಾರೆವು ಎಂದರಂತೆ ಆ ಕಡೆಯವರು. ಆಮೇಲೆ ಪಾಟ್‌ಲಕ್ಕಿನಲ್ಲಿ ಯಾರಾದರೂ ಅವಳ ಚಾನ್ಸಿನ ಮಾತೆತ್ತಿದರೆ ನನಗೆ ಸಿಟ್ಟು ಬರತೊಡಗಿತು.

ಜೂನಿನಲ್ಲಿ ಅವಳ ಫೋನು ಬಂತು. ಸೀಟು ಸಿಕ್ಕಿತ್ತು!

'ಭೇಷ್, ಗೆದ್ದೆಯಲ್ಲಮ್ಮ!' ಎಂದೆ.

'ಗೆಲ್ಲುದೆಂತ ಅಂಕಲ್' ಎಂದಳು. 'ಅವರಿಗೆ ಬೇರೆ ಯಾರೂ ಸಿಗ್ಲಿಲ್ಲ ಕಾಣ್ತದೆ.'

ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದನ್ನು ಆ ಶಾಲೆ ಅವಳಿಗೆ ಚೆನ್ನಾಗಿ ಕಲಿಸಲಿ. ಸಿಕ್ಕಿದ ಮೇಲೆ ಹೀಗೆ ಮಾತಾಡುವುದನ್ನು ಮಾತ್ರ ಮರೆಸದಿರಲಿ.