ಡಿವೈಡರ್ ಮೇಲಿನ ಜಲಜಕ್ಕ

ರಸ್ತೆಯ ನಟ್ಟನಡುವೆ ಸ್ಟೂಲ್ ಹಾಕಿ ಕೂತವರನ್ನು ನೀವು ನೋಡಿದ್ದೀರಾ? ನಾನು ದಿನಾ ನೋಡುತ್ತಿದ್ದೆ. ಬೋಳಾರದ ನಮ್ಮ ರಸ್ತೆಯಲ್ಲಿ, ಸಂಜೆ ನಾಲ್ಕರ ಹೊತ್ತಿಗೆ, ಎರಡೂ ಕಡೆಯಿಂದ ಗಾಡಿಗಳು ನುಗ್ಗಿ ಬರುತ್ತಿರುವಾಗ, ಪಕ್ಕದ ಮನೆಯ ಜಲಜಕ್ಕ ಎಡಗೈಯಲ್ಲಿ ಕೆಂಪು ಪ್ಲಾಸ್ಟಿಕ್ ಸ್ಟೂಲ್ ಹಿಡಿದು, ಬಲಗಂಕುಳಲ್ಲಿ ಚಾದ ಫ್ಲಾಸ್ಕ್ ಅಮುಕಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಅರ್ಧ ದಾಟುವಷ್ಟರಲ್ಲಿ ಮೊಣಕಾಲು ಕೈಕೊಡುತ್ತಿತ್ತು. ಆಗ ಸ್ಟೂಲ್ ಇಟ್ಟು, ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಮುಖಮಾಡಿ ಕೂತೇಬಿಡುತ್ತಿದ್ದರು.

ಒಮ್ಮೆ ಸಿಟಿ ಬಸ್ಸಿನ ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಗ್ಗಿ, “ಎಂತ ಅಕ್ಕ ಇದು? ನಿಮ್ಮ ಮನೆಯ ಜಗಲಿಯಾ?” ಎಂದು ಕೇಳಿದ.

“ಹೌದು ಮಾರಾಯ. ನಿನ್ನ ಬಸ್ಸಿನ ಮುಂದಿನ ಚಕ್ರ ಉಂಟಲ್ಲ, ಅಲ್ಲಿಯೇ ಇದ್ದದ್ದು ನನ್ನ ಜಗಲಿ. ನಾನೇನು ನಿನ್ನ ಬಸ್ಸಿನಲ್ಲಿ ಬಂದು ಚಾಪೆ ಹಾಸಿದ್ದೇನಾ? ನೀನೇ ನನ್ನ ಮನೆಗೆ ಬಂದದ್ದು.”

ಅದು ಸುಳ್ಳಲ್ಲ. ರಸ್ತೆ ಅಗಲ ಮಾಡುವಾಗ ಅವರ ಅಂಗಳ, ಜಗಲಿ, ಒಂದು ಪೇರಳೆ ಮರ ಎಲ್ಲ ಹೋಗಿತ್ತು. ಎದುರು ಮನೆಯ ಐಸಮ್ಮನ ಅಂಗಳವೂ ಹೋಗಿತ್ತು. ನಮ್ಮದೂ ಸ್ವಲ್ಪ ಹೋಯಿತು. ಆದರೆ ನಾನು ಅಳಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಕಂಕನಾಡಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ. ಹಳೆಯ ರಸ್ತೆಯಲ್ಲಿ ಒಂದು ಬಸ್ಸಿಗೆ ಇನ್ನೊಂದು ಬಸ್ಸು ಎದುರಾದರೆ ಮುಗಿಯಿತು, ಇಬ್ಬರು ಡ್ರೈವರುಗಳ ಜಗಳ ತೀರುವವರೆಗೆ ನಾನು ಸ್ಕೂಟರಿನ ಮೇಲೆ ಕೂತು ಬೆವರಬೇಕಿತ್ತು. ನಾನು ಹುಟ್ಟಾ ಅವಸರದವಳು. ರಸ್ತೆ ಬೇಕಾಗಿತ್ತು, ಬಂತು, ಒಳ್ಳೆಯದೇ ಆಯಿತು ಎಂದು ಜಲಜಕ್ಕನ ಮುಖಕ್ಕೇ ಹೇಳಿದ್ದೆ.

“ನಿನಗೆ ಒಳ್ಳೆಯದಾಯ್ತು, ಸಂತೋಷ,” ಎಂದಿದ್ದರು ಅವರು. “ನೀನು ಹೋಗುವವಳು. ನಾನು ಇರುವವಳು. ಇರುವವರಿಗೆ ಎಂತ ಮಾಡಿದ್ದಾರೆ, ಅದನ್ನು ಹೇಳು.”

ನಾನು ಹೆಲ್ಮೆಟ್ ಹಾಕಿಕೊಂಡು ಹೊರಟೆ.

ಜಲಜಕ್ಕನ ತವರು ಬೆಂಗ್ರೆ. ಮದುವೆಯಾಗಿ ದೋಣಿಯಲ್ಲಿ ಹೊಳೆ ದಾಟಿ ಬೋಳಾರಕ್ಕೆ ಬಂದವರು. ಗಂಡ ಕಡಲಿಗೆ ಹೋಗುತ್ತಿದ್ದರು, ಇವರು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದರು. ಗಂಡ ತೀರಿಕೊಂಡ ಮೇಲೂ, ಮಗ ಬಂದರಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಬುಟ್ಟಿ ಬಿಡಲಿಲ್ಲ. ಕೊನೆಗೆ ಮೊಣಕಾಲು ಬಿಡಿಸಿತು. ಗಂಟಲು ಮಾತ್ರ ಮೀನು ಮಾರುವ ಗಂಟಲೇ ಉಳಿಯಿತು. ಅವರು ಮನೆಯೊಳಗೆ ಸೊಸೆಗೆ ಉಪ್ಪು ಎಲ್ಲಿದೆ ಎಂದು ಕೇಳಿದರೆ ನಮ್ಮ ಮನೆಯಲ್ಲಿ ನಾವು ಉಪ್ಪಿನ ಭರಣಿ ಹುಡುಕುತ್ತಿದ್ದೆವು.

ಐಸಮ್ಮ ಅದಕ್ಕೆ ತದ್ವಿರುದ್ಧ. ಬ್ಯಾರಿ ಮುಸ್ಲಿಮರ ಮನೆ, ಗಂಡನಿಗೆ ಬಂದರಿನಲ್ಲಿ ಅಂಗಡಿ, ಮಗ ದುಬೈಯಲ್ಲಿ. ಮೆಲ್ಲಗೆ ಮಾತಾಡುವ, ಮೆಲ್ಲಗೆ ನಗುವ ಹೆಂಗಸು. ಇಬ್ಬರೂ ಒಂದೇ ವರ್ಷ ಸೊಸೆಯಂದಿರಾಗಿ ಈ ಓಣಿಗೆ ಬಂದವರು. ಆಗ ಅದು ಓಣಿಯೇ. ಇವರ ಜಗಲಿಯಿಂದ ಅವರ ಜಗಲಿಗೆ ಕೈ ಚಾಚಿದರೆ ಗೋಳಿಬಜೆಯ ತಟ್ಟೆ ದಾಟುತ್ತಿತ್ತು ಎನ್ನುತ್ತಿದ್ದರು, ಅಷ್ಟೇನೂ ಹತ್ತಿರವಿರಲಿಲ್ಲ. ಆದರೆ ಮಾತು ದಾಟುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಸಂಜೆ ನಾಲ್ಕಕ್ಕೆ ಇಬ್ಬರೂ ತಮ್ಮ ತಮ್ಮ ಜಗಲಿಯಲ್ಲಿ ಕೂತು ತುಳುವಿನಲ್ಲಿ ಮಾತು ಶುರು ಮಾಡುತ್ತಿದ್ದರು. ನಡುವೆ ಬಸ್ಸು ಬಂದರೆ ಮಾತು ನಿಲ್ಲುತ್ತಿತ್ತು, ಬಸ್ಸು ಹೋದ ಮೇಲೆ ನಿಲ್ಲಿಸಿದ ಜಾಗದಿಂದಲೇ ಹೊರಡುತ್ತಿತ್ತು.

ಅಗಲವಾದ ರಸ್ತೆಯಲ್ಲಿ ಗಾಡಿಗಳಿಗೆ ನಿಲ್ಲುವ ಕೆಲಸವಿಲ್ಲ. ಐಸಮ್ಮನ ದನಿ ಇತ್ತ ಮುಟ್ಟುವುದು ನಿಂತುಹೋಯಿತು. ಹಾಗಾಗಿ ಜಲಜಕ್ಕನೇ ಸ್ಟೂಲ್ ಹಿಡಿದು ಹೊರಟದ್ದು. ಸರ್ಕಲಿನ ಹತ್ತಿರ ದಾಟಿ, ಆಚೆ ಬದಿಯಿಂದ ನಡೆದು ಹೋಗಿ ಎಂದು ನಾನು ಬುದ್ಧಿ ಹೇಳಿದೆ.

“ಎದುರು ಮನೆಗೆ ಹೋಗಲಿಕ್ಕೆ ಸರ್ಕಲಿಗೆ ಹೋಗಬೇಕಾ? ಹೊಳೆ ಎಷ್ಟು ಅಗಲ ಉಂಟು, ಅದಕ್ಕೆ ದೋಣಿ ಉಂಟು. ಓಡಿ ಬರುವವರನ್ನು ಕಂಡರೆ ದೋಣಿಯವ ಸ್ವಲ್ಪ ಕಾಯ್ತಾನೆ. ಈ ರಸ್ತೆಗೆ ಎಂತ ಉಂಟು? ಕಾಯುವವರು ಒಬ್ಬರಿದ್ದಾರಾ?”

ಗಾಡಿಗಳ ಮೇಲೆ ಅವರಿಗೆ ಹಗೆ ಇತ್ತು ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಸಂಜೆ ಅವರು ನಡುರಸ್ತೆಯಲ್ಲಿ ಕೂತಿರುವಾಗ ಆಂಬುಲೆನ್ಸಿನ ಸದ್ದು ಕೇಳಿತು. ಏಳಲು ದಿನವೂ ಒದ್ದಾಡುವ ಹೆಂಗಸು ಚಂಗನೆ ಎದ್ದು, ಸ್ಟೂಲನ್ನು ತಲೆಯ ಮೇಲೆ ಎತ್ತಿ ಬೀಸುತ್ತ, ಕಾರುಗಳನ್ನು, ರಿಕ್ಷಾಗಳನ್ನು, ಒಂದು ಟೆಂಪೋವನ್ನು ಬೈದು ಬದಿಗೆ ಸರಿಸಿದರು. ಮೊಬೈಲಿನಲ್ಲಿ ಮಾತಾಡುತ್ತ ಜಾಗ ಬಿಡದ ಒಬ್ಬ ಕಾರಿನವನ ಬಾನೆಟ್ಟಿಗೆ ಸ್ಟೂಲಿನಿಂದಲೇ ಬಡಿದರು. ಆಂಬುಲೆನ್ಸ್ ಹೋಯಿತು. ಕಾರಿನವನು ಇಳಿದು ಬಂದು ಕೂಗಾಡಿದ.

“ಒಳಗೆ ಮಲಗಿದವರಿಗೆ ಅವಸರ ಉಂಟು, ಅವರಿಗೆ ದಾರಿ ಬಿಟ್ಟೆ,” ಎಂದರು ಜಲಜಕ್ಕ ಏದುಸಿರು ಬಿಡುತ್ತ. “ನಿನಗೆ ಎಂತ ಅವಸರ? ಮನೆಗೆ ಹೋಗಿ ಟಿವಿ ನೋಡಲಿಕ್ಕಲ್ಲವಾ?” ಮತ್ತೆ ಅಲ್ಲಿಯೇ ಕೂತರು.

ಆಮೇಲೆ ರಸ್ತೆಯ ನಡುವೆ ಡಿವೈಡರ್ ಕಟ್ಟಿದರು. ಇನ್ನು ಇವರ ಆಟ ಮುಗಿಯಿತು ಎಂದು ನಾನು ಅಂದುಕೊಂಡೆ. ಆದದ್ದೇ ಬೇರೆ. ಡಿವೈಡರ್ ಒಳ್ಳೆ ಅಗಲವಾಗಿತ್ತು, ಗಿಡ ನೆಡಬೇಕೆಂದು ನಡುವೆ ಮಣ್ಣು ತುಂಬಿದ್ದರು. ಗಿಡ ಬರಲಿಲ್ಲ. ಜಲಜಕ್ಕ ಈ ಕಡೆಯಿಂದ ಅರ್ಧ ದಾಟಿ ಅದರ ಮೇಲೆ ಸ್ಟೂಲ್ ಹಾಕಿದರು. ಮರುದಿನ ಐಸಮ್ಮ ಆ ಕಡೆಯಿಂದ ಅರ್ಧ ದಾಟಿ, ಸೊಸೆ ಸಫಿಯಾಳ ಕೈಹಿಡಿದು ಬಂದು, ನೀಲಿ ಸ್ಟೂಲ್ ಹಾಕಿದರು. ಇಬ್ಬರಿಗೂ ಅರ್ಧ ದಾರಿ, ಇಬ್ಬರಿಗೂ ಒಂದೇ ಫ್ಲಾಸ್ಕ್. ಎರಡೂ ಬದಿಗಳಲ್ಲಿ ಬಸ್ಸು, ಲಾರಿ ಹೋಗುತ್ತಿದ್ದರೆ ನಡುವೆ ಇವರ ಕಪ್ಪು, ಇವರ ಬನ್ಸು, ಇವರ ನಗು. ಸೆಖೆಯ ದಿನಗಳಲ್ಲಿ ಬಸ್ಸು ಹೋದಾಗ ಬರುವ ಗಾಳಿಗೆ ಜಲಜಕ್ಕ ಕುತ್ತಿಗೆ ಒಡ್ಡಿ, “ಫ್ಯಾನ್ ಬಂತು” ಎನ್ನುತ್ತಿದ್ದರು.

ನಾನು ಕೆಲಸ ಮುಗಿಸಿ ಬರುವಾಗ ಅಲ್ಲಿ ನಿಂತು ಒಂದು ಬನ್ಸ್ ತಿನ್ನುತ್ತಿದ್ದೆ. ನನ್ನ ಹೊಟ್ಟೆ ಇಬ್ಬರಿಗೂ ತಮಾಷೆಯ ವಿಷಯ. ಸಂಕಷ್ಟಿ, ಏಕಾದಶಿ, ಶಿವರಾತ್ರಿ ಯಾವುದಕ್ಕೂ ನಾನು ಒಂದು ಹೊತ್ತು ಊಟ ಬಿಟ್ಟವಳಲ್ಲ. ನಮ್ಮಮ್ಮ ಬೈದು ಬೈದು ಸೋತಿದ್ದರು. “ಐಸಮ್ಮ ಒಂದು ತಿಂಗಳು ಉಪವಾಸ ಹಿಡೀತಾಳೆ, ನಿನಗೆ ಒಂದು ಗಂಟೆ ಆಗುವುದಿಲ್ಲ ಮಾರಾಯ್ತಿ,” ಎಂದು ಜಲಜಕ್ಕ ಇನ್ನೊಂದು ಬನ್ಸ್ ನನ್ನ ಕೈಗೆ ತುರುಕುತ್ತಿದ್ದರು.

ರಮ್ಜಾನ್ ತಿಂಗಳಲ್ಲಿ ಮಾತ್ರ ಫ್ಲಾಸ್ಕಿನ ಮುಚ್ಚಳ ಅಲ್ಲಿ ತೆರೆಯುತ್ತಿರಲಿಲ್ಲ. ಜಲಜಕ್ಕ ಚಾ ಮಾಡಿಯೇ ತರುತ್ತಿದ್ದರು. ಐಸಮ್ಮ ಉಪವಾಸ ಕೂತಿರುವಾಗ ತಾನೂ ಒಂದು ಗುಟುಕು ಕುಡಿಯುತ್ತಿರಲಿಲ್ಲ. ಮಾತು ಮುಗಿದ ಮೇಲೆ ತುಂಬಿದ ಫ್ಲಾಸ್ಕನ್ನು ಐಸಮ್ಮನ ಕೈಗೆ ಕೊಟ್ಟು, “ಮಸೀದಿಯಲ್ಲಿ ಬಾಂಗ್ ಆದ ಮೇಲೆ ಕುಡಿ” ಎಂದು ಕಳಿಸುತ್ತಿದ್ದರು.

ಅಂಥದೇ ಒಂದು ದಿನ ಡಿವೈಡರಿಗೆ ಕಬ್ಬಿಣದ ಬೇಲಿ ಬಂತು. ಜನ ಅಲ್ಲಲ್ಲಿ ದಾಟಿ ಗಾಡಿಗಳಿಗೆ ತೊಂದರೆಯಾಗುತ್ತದೆಂದು ಸರ್ಕಲಿನಿಂದ ಸರ್ಕಲಿನವರೆಗೆ ಬೇಲಿ ಹಾಕುವ ಕೆಲಸ. ವೆಲ್ಡಿಂಗಿನವರು ಎರಡೂ ತುದಿಯಿಂದ ಕೆಲಸ ಮಾಡುತ್ತ ಬಂದು ಇವರಿಬ್ಬರ ಹತ್ತಿರ ನಿಂತರು. ಇಂಜಿನಿಯರ್ ಘಟ್ಟದ ಮೇಲಿನ ಹುಡುಗ, ಒಳ್ಳೆಯವನೇ.

“ಅಜ್ಜಿ, ಏಳ್ಬೇಕಲ್ಲ. ಎಷ್ಟೊತ್ತು ಕೂತ್ಕೋತೀರಾ?”

“ಚಾ ಮುಗಿಯುವವರೆಗೆ,” ಎಂದರು ಜಲಜಕ್ಕ.

“ಆಯ್ತು ಬಿಡಿ, ಚಾ ಮುಗಿಸ್ಕೊಂಡೇ ಏಳಿ. ನಾನು ಬೇಡ ಅನ್ನಲ್ಲ,” ಎಂದು ಮಾತು ಕೊಟ್ಟು ಹುಡುಗ ಬದಿಗೆ ನಿಂತ.

ಫ್ಲಾಸ್ಕ್ ನೆಲದ ಮೇಲಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ನಾನು ಕೆಲಸದಿಂದ ಬಂದು ಸ್ಕೂಟರ್ ನಿಲ್ಲಿಸಿದಾಗ ವೆಲ್ಡಿಂಗಿನವರು ನೆರಳು ಹುಡುಕಿ ಕೂತಿದ್ದರು, ಜನರೇಟರ್ ಸುಮ್ಮನೆ ಗುಡುಗುತ್ತಿತ್ತು. ಕೊನೆಗೆ ಇಂಜಿನಿಯರ್ ಬಂದು, “ಅಜ್ಜಿ, ಚಾ ಆರೋಗುತ್ತೆ” ಎಂದ.

“ಇವಳಿಗೆ ಉಪವಾಸ ಮಗಾ.”

“ಅಯ್ಯೋ. ಹಂಗಾದ್ರೆ ನೀವಾದ್ರೂ ಕುಡೀರಿ.”

“ಇವಳ ಎದುರು ನಾನು ಹೇಗೆ ಕುಡಿಯುವುದು? ನಿನಗಾದರೆ ಮನಸ್ಸು ಬರ್ತದಾ?”

ಹುಡುಗ ಹೋಗಿ ಮತ್ತೆ ಬದಿಗೆ ನಿಂತ. ಐಸಮ್ಮ ತಲೆಯ ಮೇಲಿನ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದದ್ದು ನಗು ತಡೆಯಲಿಕ್ಕೆ ಎಂದು ನನಗೆ ಗೊತ್ತಾಯಿತು. ಸೂರ್ಯ ಮುಳುಗಿ, ಬಾಂಗ್ ಕೇಳುವವರೆಗೂ ಇಬ್ಬರೂ ಏಳಲಿಲ್ಲ. ಬಾಂಗ್ ಆದಾಗ ಸಫಿಯಾ ಖರ್ಜೂರ, ಸಮೋಸದ ತಟ್ಟೆ ಹಿಡಿದು ರಸ್ತೆ ದಾಟಿದಳು, ಎರಡೂ ಕಡೆಯ ಗಾಡಿಗಳು ತಾವಾಗಿಯೇ ನಿಂತವು. ಐಸಮ್ಮ ಡಿವೈಡರ್ ಮೇಲೆಯೇ ಉಪವಾಸ ಬಿಟ್ಟರು. ಫ್ಲಾಸ್ಕ್ ತೆರೆಯಿತು. ಮೊದಲ ಕಪ್ಪು ಐಸಮ್ಮನಿಗೆ, ಎರಡನೆಯದು ಇಂಜಿನಿಯರಿಗೆ. ಅವನು ನಿಂತುಕೊಂಡೇ ಕುಡಿದು, ಸಮೋಸ ತಿಂದು, ಕೆಲಸದವರನ್ನು ಕರೆದುಕೊಂಡು ಹೊರಟುಹೋದ.

ಬೇಲಿ ಬಂತು, ಆದರೆ ಎರಡು ಸ್ಟೂಲ್ ಹಿಡಿಯುವಷ್ಟು ಜಾಗ ಬಿಟ್ಟಿತು. ಬಿಟ್ಟ ಜಾಗಕ್ಕೆ ಲೆಕ್ಕ ಹೇಳಬೇಕಲ್ಲ, ಅದಕ್ಕೆ ಆ ಹುಡುಗ ಎರಡೂ ಕಡೆ ಬಿಳಿ ಪಟ್ಟಿ ಬಳಿಸಿ, ಒಂದೊಂದು ಹಂಪ್ ಹಾಕಿಸಿದ. ಆಮೇಲೆ ಶಾಲೆಯ ಮಕ್ಕಳು ಅಲ್ಲಿಂದಲೇ ದಾಟತೊಡಗಿದರು, ಮಸೀದಿಗೆ ಹೋಗುವವರು, ಮಂಗಳಾದೇವಿಗೆ ಹೋಗುವವರು, ಮೀನಿನ ಬುಟ್ಟಿಯವರು ಎಲ್ಲರೂ. ನಾನು ಕೆಲಸಕ್ಕೆ ಹೋಗುವಾಗ ಹಂಪಿಗೆ ಬೈದುಕೊಂಡೇ ಹೋಗುತ್ತಿದ್ದೆ. ಆದರೆ ಕೆಲಸಕ್ಕೆ ತಡವಾಗಲಿಲ್ಲ.

ಜಲಜಕ್ಕ ಹೋದದ್ದು ಕಳೆದ ಮಳೆಗಾಲದಲ್ಲಿ. ಎದೆನೋವೆಂದು ಆಂಬುಲೆನ್ಸಿನಲ್ಲಿ ಕಂಕನಾಡಿಯ ನಮ್ಮ ಆಸ್ಪತ್ರೆಗೇ ತಂದರು, ಆ ಅಗಲ ರಸ್ತೆಯೇ ಅವರನ್ನು ಬೇಗ ಮುಟ್ಟಿಸಿತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ಅವರೇ ನನ್ನನ್ನು ಬಿಡುತ್ತಿರಲಿಲ್ಲ. ರಕ್ತ ತೆಗೆಯಲು ಹೋದವಳು ನಾನೇ.

“ನಾಲ್ಕು ಆಯ್ತಾ?” ಎಂದು ಕೇಳಿದರು. ಆ ಗಂಟಲು ಪಿಸುಗುಟ್ಟುವುದನ್ನು ನಾನು ಅಂದೇ ಮೊದಲು ಕೇಳಿದ್ದು.

“ಆಯ್ತು ಜಲಜಕ್ಕ.”

“ಐಸಮ್ಮ ಬಂದು ಕೂತಿರ್ತಾಳೆ. ಒಬ್ಬಳೇ. ನೀನು ಹೋಗುವಾಗ ಸ್ವಲ್ಪ ನಿಲ್ಲು. ಅವಸರ ಮಾಡಬೇಡ ಮಾರಾಯ್ತಿ.”

ಅದೇ ಕೊನೆಯ ಮಾತು. ಮರುದಿನ ಬೆಳಿಗ್ಗೆ ಅವರು ಇರಲಿಲ್ಲ. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ.

ಐಸಮ್ಮ ನಾಲ್ಕಕ್ಕೆ ಬರುವುದನ್ನು ಬಿಡಲಿಲ್ಲ. ಈಗ ಫ್ಲಾಸ್ಕ್ ಅವರ ಮನೆಯದು. ಕೆಂಪು ಸ್ಟೂಲನ್ನು ಜಲಜಕ್ಕನ ಸೊಸೆ ನನಗೆ ಕೊಟ್ಟಳು, ನಾನು ಕೆಲಸದಿಂದ ಬಂದು ಅದನ್ನು ಹಿಡಿದು ಹೋಗಿ ಸ್ವಲ್ಪ ಹೊತ್ತು ಕೂರುತ್ತೇನೆ. ಮೊನ್ನೆ ಹಾಗೆ ಕೂತಿರುವಾಗ ಒಂದು ಜೀಪು ಬಂದು ನಿಂತಿತು. ಹಿಂದೆ ಕಬ್ಬಿಣದ ಬೇಲಿಯ ತುಂಡು, ವೆಲ್ಡಿಂಗಿನ ಸಾಮಾನು. ಇಳಿದವನು ಬೇರೆ ಇಂಜಿನಿಯರ್.

“ಇದನ್ನ ಮುಚ್ಚಬೇಕು ಮೇಡಂ. ಯಾರೋ ಒಬ್ಬರು ಅಜ್ಜಿಗೋಸ್ಕರ ಬಿಟ್ಟಿದ್ರಂತೆ. ಈಗ ಅವರಿಲ್ವಲ್ಲ. ಹಂಪಿನಿಂದ ಗಾಡಿ ಸ್ಲೋ ಆಗುತ್ತೆ ಅಂತ ದೂರು ಬಂದಿದೆ.”

ಅವರಿಲ್ಲವಲ್ಲ. ಅಷ್ಟು ಸಲೀಸಾಗಿ ಅವನು ಹೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹಾಕತೊಡಗಿದವು. ಒಬ್ಬಳು ಸ್ಕೂಟರಿನ ಹುಡುಗಿ, ಥೇಟ್ ನನ್ನ ಹಾಗೆ, “ಮೇಡಂ, ನಮಗೆ ಕೆಲಸ ಉಂಟು” ಎಂದು ಕೂಗಿದಳು.

“ಎಷ್ಟೊತ್ತು ಕೂತಿರ್ತೀರಾ?” ಎಂದ ಇಂಜಿನಿಯರ್.

“ಚಾ ಮುಗಿಯುವವರೆಗೆ,” ಎಂದೆ.

ಅವನು ಫ್ಲಾಸ್ಕ್ ನೋಡಿದ. ನಂತರ ವಾಚು ನೋಡಿಕೊಂಡು, “ಸರಿ, ಬೇಗ ಕುಡೀರಿ” ಎಂದ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹೊಟ್ಟೆತುಂಬ ಮೀನು ಊಟ ಮಾಡಿದವಳು ನಾನು. ಫ್ಲಾಸ್ಕನ್ನು ಕಾಲಿನಿಂದ ಸ್ಟೂಲಿನ ಅಡಿಗೆ ಸರಿಸಿದೆ.

“ನನಗೆ ಇವತ್ತು ಉಪವಾಸ.”

ಇಂಜಿನಿಯರ್ ಐಸಮ್ಮನ ಕಡೆ ತಿರುಗಿದ. ಐಸಮ್ಮ ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡರು. ಅಷ್ಟು ವರ್ಷ ಮೆಲ್ಲಗೆ ಮಾತಾಡಿದ ಹೆಂಗಸು, ಎರಡೂ ಬದಿಯ ರಸ್ತೆಗೆ ಕೇಳುವಂತೆ ಹೇಳಿದರು:

“ಇವಳ ಎದುರು ನಾನು ಹೇಗೆ ಕುಡಿಯುವುದು?”